ನಮ್ಮ ಡೈರಿ ಡಿಜಿಟಲ್ ಆದದ್ದು

ಯೋಜನೆ ಹಾಕುವುದೆಂದರೆ ನನಗೆ ಮೊದಲಿನಿಂದಲೂ ಬಲು ಇಷ್ಟ. ಮಾಡುವುದು ಅಷ್ಟಾಗಿ ಒಗ್ಗುವುದಿಲ್ಲ. ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ ಪಾಠಕ್ಕಿಂತ ಪಾಠದ ಟಿಪ್ಪಣಿಯನ್ನೇ ಅಂದವಾಗಿ ಬರೆಯುತ್ತಿದ್ದೆ, ಅಂಚು ಬಿಟ್ಟು, ಕೆಂಪು ಶಾಯಿಯಲ್ಲಿ ಗೆರೆ ಎಳೆದು. ತಪಾಸಣೆಗೆ ಬಂದವರು ಅದನ್ನು ನೋಡಿ ಮೆಚ್ಚಿ, ಪಾಠ ಕೇಳದೆಯೇ ಹೋಗಿಬಿಡುತ್ತಿದ್ದರು. ಇಂಥವನನ್ನು ಊರಿನ ಹಾಲು ಉತ್ಪಾದಕರ ಸಂಘದವರು ಡಿಜಿಟಲ್ ಪರಿವರ್ತನೆಯ ಸಲಹೆಗಾರನನ್ನಾಗಿ ಮಾಡಿಕೊಂಡರೆ ತಪ್ಪು ಯಾರದು, ನೀವೇ ಹೇಳಿ.

ನಮ್ಮೂರು ಮಧುವನಹಳ್ಳಿಯಿಂದ ಸ್ವಲ್ಪ ಆಚೆಗಿದೆ. ಸಂಘವನ್ನು ಎಲ್ಲರೂ ಡೈರಿ ಎಂದೇ ಕರೆಯುತ್ತೇವೆ. ಅದರ ಅಧ್ಯಕ್ಷರಾದ ಮಹದೇವಪ್ಪನವರು ಯಳಂದೂರಿಗೆ ಮದುವೆಯೂಟಕ್ಕೆ ಹೋಗಿದ್ದಾಗ, ಪಕ್ಕದ ಎಲೆಗೆ ಕುಳಿತಿದ್ದ ಹನೂರು ಕಡೆಯ ಸಂಘವೊಂದರ ಅಧ್ಯಕ್ಷರು ತಮ್ಮಲ್ಲಿ ಎಲ್ಲವೂ ಮೊಬೈಲಿನಲ್ಲೇ ನಡೆಯುತ್ತದೆ ಎಂದರಂತೆ. ಮಹದೇವಪ್ಪನವರಿಗೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಮಾರನೆಯ ಬೆಳಿಗ್ಗೆಯೇ ನಮ್ಮ ಜಗಲಿಗೆ ಬಂದು ಕುಳಿತರು. “ಕಾಡಂಚಿನೋರೇ ಮಾಡವ್ರೆ ಅಂದ್ಮೇಲೆ ನಾವು ಸುಮ್ಕಿದ್ರೆ ಆದದಾ ಮೇಷ್ಟ್ರೇ? ನೀವು ಮೊಬೈಲು ಬಲ್ಲೋರು,” ಎಂದರು. ಮೊಬೈಲಿನಲ್ಲಿ ನಾನು ಬಲ್ಲದ್ದು ದಿನಾ ಬೆಳಿಗ್ಗೆ ಬಳಗಕ್ಕೆಲ್ಲ ಗುಲಾಬಿ ಹೂವಿನ ಶುಭೋದಯ ಕಳಿಸುವುದು. ಆದರೂ ಹೊಗಳಿಕೆಗೆ ಸೋತು ಒಪ್ಪಿಕೊಂಡೆ.

ಮೂರು ಸಲ ಸಭೆ ಸೇರಿ, ಹನ್ನೊಂದು ಪುಟದ ಯೋಜನೆ ಬರೆದೆ. ‘ಕಾಗದರಹಿತ ಸಂಘ’ ಎಂಬ ಮೊದಲ ಅಧ್ಯಾಯಕ್ಕೇ ನಾಲ್ಕು ಪುಟ ಹಿಡಿಯಿತು. ಕೊಳ್ಳೇಗಾಲದ ಬಸ್ ನಿಲ್ದಾಣದ ಹತ್ತಿರ ಟೈಪು ಮಾಡಿಸಿ, ಜೆರಾಕ್ಸ್ ತೆಗೆಸಿ, ನಿರ್ದೇಶಕರಿಗೆಲ್ಲ ಒಂದೊಂದು ಪ್ರತಿ ಹಂಚಿದೆ. ಅದರ ತಿರುಳು ಇಷ್ಟು: ಇನ್ನು ಮುಂದೆ ಸರ್ವಸದಸ್ಯರ ಸಭೆಗೆ ಗೋಡೆಗೆ ನೋಟಿಸು ಅಂಟಿಸುವುದಿಲ್ಲ, ಪ್ರತಿಯೊಬ್ಬ ಸದಸ್ಯರ ಮೊಬೈಲಿಗೇ ಸಂದೇಶ ಹೋಗುತ್ತದೆ. ಅದಕ್ಕೆ ನಂಬರುಗಳು ಬೇಕಲ್ಲ. ಮನೆಮನೆ ಅಲೆಯಲು ನನಗೆ ಮಂಡಿನೋವು. ಬೆಳಿಗ್ಗೆ ಡೈರಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಹಾಲು ಹಾಕಲು ಬಂದವರಿಂದ ಮನೆಗೊಂದರಂತೆ ನಂಬರು ಬರೆದುಕೊಂಡೆ. ಎರಡೇ ದಿನದಲ್ಲಿ ಪಟ್ಟಿ ಮುಗಿಯಿತು. ಇಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮುಗಿಸಿದವನಲ್ಲ. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ಇಲ್ಲಿ ನಮ್ಮ ಮನೆಯ ಸಂಗತಿ ಹೇಳಬೇಕು. ಡೈರಿಯ ಸದಸ್ಯ ನಾನು. ಎರಡು ಹಸುಗಳಿಗೆ ಮೇವು ಹಾಕಿ, ಸಗಣಿ ಬಾಚಿ, ಹಾಲು ಕರೆದು ಡೈರಿಗೆ ಒಯ್ಯುವವಳು ನನ್ನ ಹೆಂಡತಿ ಗೌರಮ್ಮ. ನಮ್ಮೂರಲ್ಲಿ ಮನೆಮನೆಯ ಕತೆ ಇದೇ. ಅವಳದೊಂದು ಬೇಡಿಕೆಯಿತ್ತು. ದನದ ಡಾಕ್ಟರು ವಾರಕ್ಕೊಮ್ಮೆ ಊರಿಗೆ ಬರುವುದು ಹನ್ನೊಂದು ಗಂಟೆಗೆ. ಆಗ ಹೆಂಗಸರೆಲ್ಲ ಹೊಲದಲ್ಲಿರುತ್ತಾರೆ. ಹಾಲು ಹಾಕುವ ಹೊತ್ತಿಗೇ ಅವರು ಬರಲಿ ಎಂದು ಸಭೆಯಲ್ಲಿ ಹೇಳಿ ಅಂತ ಮೂರು ವರ್ಷ ನನಗೆ ಹೇಳಿ ಕಳಿಸಿದಳು. ಮೂರು ವರ್ಷವೂ ನಾನು ಕೇಸರಿಬಾತು ತಿಂದು, ಸೊಗಸಾಗಿ ವಂದನಾರ್ಪಣೆ ಮಾಡಿ, ಆ ಮಾತೊಂದನ್ನು ಮರೆತು ಬಂದೆ. ಹೋದ ವರ್ಷ ನಮ್ಮ ಕರು ಹೊಟ್ಟೆಯುಬ್ಬರದಿಂದ ಸತ್ತಿತು. ಅಂದು ಡಾಕ್ಟರು ಊರಿಗೆ ಬಂದು ಹೋದ ಮೇಲೆ ಅವಳು ಹೊಲದಿಂದ ಬಂದಳು. ಮನೆಯಲ್ಲೇ ಪತ್ರಿಕೆ ಓದುತ್ತ ಕುಳಿತಿದ್ದ ನನಗೆ ಕರು ಮಂಕಾಗಿದ್ದದ್ದು ಕಂಡಿರಲಿಲ್ಲ. ಆಮೇಲೆ ಅವಳು ನನ್ನ ಕೈಲಿ ಯಾವ ಮಾತನ್ನೂ ಹೇಳಿ ಕಳಿಸಲಿಲ್ಲ. “ನನ್ನೇ ಮೆಂಬರ್ ಮಾಡ್ಸಿ,” ಎಂದಳು. ಒಂದೇ ಮನೆ, ನಾನಾದರೇನು ನೀನಾದರೇನು ಎಂದು ನಕ್ಕುಬಿಟ್ಟೆ. ಆ ನಗುವನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ.

ಸಭೆ ಭಾನುವಾರ ಹತ್ತಕ್ಕೆ ಎಂದು ಪಟ್ಟಿಯ ನಂಬರುಗಳಿಗೆಲ್ಲ ಸಂದೇಶ ಕಳಿಸಿದೆ. ಆ ಬೆಳಿಗ್ಗೆ ಮಹದೇವಪ್ಪನವರೂ ನಾನೂ ಸ್ವಾಗತಕ್ಕೆಂದು ಬಾಗಿಲಲ್ಲಿ ನಿಂತೆವು. ಬಂದವರೆಲ್ಲ ಹೆಂಗಸರು. ಒಳ್ಳೆಯ ಸೀರೆ ಉಟ್ಟು, ಹೂ ಮುಡಿದು, ಮುಂದಿನ ಸಾಲಿನಿಂದಲೇ ಕುರ್ಚಿ ತುಂಬುತ್ತ ಬಂದರು. ಗಂಡಸರಲ್ಲಿ ನಿರ್ದೇಶಕರನ್ನು ಬಿಟ್ಟರೆ ಒಬ್ಬರೂ ಇಲ್ಲ. ಗೋಡೆಯಲ್ಲಿ ನೋಟಿಸು ಕಾಣದೆ, ಈ ಸಲ ಸಭೆ ಇನ್ನೂ ಗೊತ್ತಾಗಿಲ್ಲ ಎಂದುಕೊಂಡು ಅವರು ಅರಳಿಕಟ್ಟೆಯ ಮೇಲೆ ಆರಾಮವಾಗಿ ಕುಳಿತಿದ್ದರು. ನಾನು ನಂಬರು ಕೇಳಿದ್ದು ಹಾಲು ತಂದವರನ್ನು, ಅವರು ಕೊಟ್ಟದ್ದು ತಮ್ಮ ತಮ್ಮ ನಂಬರನ್ನು. ಹನ್ನೊಂದು ಪುಟದಲ್ಲಿ ಎಲ್ಲಿಯೂ, ಸದಸ್ಯರೆಂದರೆ ಯಾರು ಎಂದು ನಾನು ಕೇಳಿಕೊಂಡಿರಲಿಲ್ಲ.

“ಇದೇನ್ ಮೇಷ್ಟ್ರೇ, ಮೆಂಬರ್ಗಳ ಕರೀರಿ ಅಂದ್ರೆ ಎಂಡ್ರುಗಳ ಕರ್ದಿದ್ದೀರಿ,” ಎಂದು ಮಹದೇವಪ್ಪನವರು ನನ್ನ ಕಿವಿಯಲ್ಲಿ ಹೇಳಿ, ಸಭೆಯ ಕಡೆ ತಿರುಗಿದರು. “ನೀವೆಲ್ಲ ಮನ್ಗೋಗಿ ನಿಮ್ಮ ಯಜಮಾನ್ರ ಕಳ್ಸಿ ಕಣ್ರವ್ವ.”

ಯಾರೂ ಏಳಲಿಲ್ಲ. ಎರಡನೆಯ ಸಾಲಿನಲ್ಲಿ ಗೌರಮ್ಮ ಮಾತ್ರ ಎದ್ದು ನಿಂತಳು, ಕೈಯಲ್ಲಿ ಮೊಬೈಲು. ನನ್ನ ಕಡೆ ನೋಡಲಿಲ್ಲ.

“ಪ್ರಿಯ ಸದಸ್ಯರೇ ಅಂತ ಬರ್ದದ ಕಣಣ್ಣ. ಓದ್ಕಂಡೇ ಬಂದಿದ್ದೀವಿ. ಒಂದ್ ಮಾತು ಏಳ್ಬುಟ್ಟು ಓಯ್ತೀವಿ,” ಎಂದಳು. ಡಾಕ್ಟರ ವಿಷಯವನ್ನು ನಾಲ್ಕೇ ಮಾತಿನಲ್ಲಿ ಹೇಳಿದಳು. ಕರುವಿನ ಮಾತನ್ನೂ ಬಿಡಲಿಲ್ಲ. ಮೂರು ವರ್ಷ ನನ್ನ ಬಾಯಲ್ಲಿ ಹೊರಡದ ಮಾತು ಅದು. ಕೇಳುತ್ತ ನನಗೆ ಹೆಮ್ಮೆಯೂ ಆಯಿತು, ಮುಖ ಎಲ್ಲಿಡಲೆಂದೂ ತಿಳಿಯಲಿಲ್ಲ. ಮಹದೇವಪ್ಪನವರು ನಿಯಮದ ಮಾತೆತ್ತಲು ಬಾಯಿ ತೆರೆದರು. ಮೊದಲ ಸಾಲಿನಲ್ಲಿ ಅವರ ಮನೆಯವರೇ ಕುಳಿತಿದ್ದರು. ಬಾಯಿ ಮುಚ್ಚಿಕೊಂಡರು.

ನಿಯಮದ ಪ್ರಕಾರ ಸಭೆಯನ್ನು ಮುಂದೂಡಲಾಯಿತು. ಕೇಸರಿಬಾತನ್ನು ಮುಂದೂಡಲಾಗಲಿಲ್ಲ. ಡಾಕ್ಟರಿಗೆ ಪತ್ರ ಹೋಯಿತು, ಈಗ ಅವರು ಬರುವ ದಿನ ಬೆಳಿಗ್ಗೆ ಏಳಕ್ಕೇ ಡೈರಿಯ ಮುಂದೆ ಇರುತ್ತಾರೆ. ಆ ಸಂಜೆಯೇ ನಾನು ಸದಸ್ಯತ್ವವನ್ನು ಹೆಂಡತಿಗೆ ವರ್ಗಾಯಿಸುವ ಅರ್ಜಿ ತಂದೆ, ಕಾಗದದ್ದೇ. ಹಾಜರಿ ಪುಸ್ತಕಗಳಲ್ಲಿ ಊರ ಮಕ್ಕಳ ಹೆಸರೆಲ್ಲ ಬರೆದ ಈ ಕೈ, ಗೌರಮ್ಮ ಎಂದು ಅವಳದೇ ಒಂದು ಸಾಲಿನಲ್ಲಿ ಬರೆದದ್ದು ಅದೇ ಮೊದಲು.

ಮೊನ್ನೆ ಸಂಜೆ ಡೈರಿಯ ಸಂದೇಶ ಬಂದು ಅವಳ ಮೊಬೈಲು ಸದ್ದು ಮಾಡಿತು. ನನ್ನದು ಸುಮ್ಮನಿತ್ತು. ಏನಂತೆ ಎಂದೆ. ಅರ್ಧ ಗಟ್ಟಿಯಾಗಿ ಓದಿ ನಿಲ್ಲಿಸಿದಳು.

“ಮಿಕ್ಕಿದ್ದು ಮೆಂಬರ್ಗಳ ಇಸ್ಯ ಕಣ್ರಿ,” ಎಂದು ಸಭೆಗೆ ಹೊರಟಳು. ಹಾಲು ಕರೆಯುವ ಹೊತ್ತಾಗಿತ್ತು. ನಾನು ಕ್ಯಾನು ತೊಳೆಯಲು ಎದ್ದೆ.