ಅಂಜಿಕೆಯಿಲ್ಲದ ಪಾವ್ಣ್ಯಾ

ಕಳೆದ ತಿಂಗಳು ಚಿಕ್ಕೋಡಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಣ್ಣುಮಗಳು ಮಡಿಲಲ್ಲಿದ್ದ ಚೀಲದ ಬಾಯಿ ಬಿಚ್ಚಿದಳು. ತಂಬಾಕಿನ ಘಾಟು ಮೂಗಿಗೆ ಬಡಿಯಿತು. ನಿಪ್ಪಾಣಿಯಲ್ಲಿ ಹುಟ್ಟಿ ಬೆಳೆದ ನನಗೆ ಆ ವಾಸನೆ ಹೊಸದೇನಲ್ಲ, ಊರಿಗೆ ಊರೇ ಅದರಲ್ಲಿ ಮುಳುಗಿತ್ತು. ಆದರೂ ಎದ್ದು ಹಿಂದಿನ ಸೀಟಿಗೆ ಹೋಗಿ ಕುಳಿತೆ. ಐವತ್ತರ ಹತ್ತಿರ ಬಂದ ಹೆಂಗಸು ಒಂದು ವಾಸನೆಗೆ ಹೆದರುತ್ತಾಳೆಂದರೆ ಯಾರೂ ನಂಬಲಿಕ್ಕಿಲ್ಲ...

ಎಂಬತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಎದುರು ಮನೆಯಾಕೆ ಬೀಡಿ ಕಟ್ಟುತ್ತಿದ್ದಳು, ಮರಾಠಿಯಲ್ಲಿ ಚಿಕ್ಕಮ್ಮನಿಗೆ ಅನ್ನುವ ಹಾಗೆ ಅವಳನ್ನು ನಾನು ಕಾಕು ಎನ್ನುತ್ತಿದ್ದೆ. ಹೊಡೆಯುವ ಗಂಡನನ್ನು ಬಿಟ್ಟು ಬಂದು ಒಬ್ಬಳೇ ಇದ್ದವಳು. ಹೊಸ್ತಿಲ ಬಳಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರೆ ಎಲೆ ಕತ್ತರಿಸುವುದು, ತಂಬಾಕು ತುಂಬುವುದು, ಸುರುಳಿ ಸುತ್ತಿ ದಾರ ಕಟ್ಟುವುದು ಒಂದೇ ಸಮನೆ ನಡೆಯುತ್ತಿತ್ತು. ಕೈಗೂ ಕಣ್ಣಿಗೂ ಪುರುಸೊತ್ತಿರಲಿಲ್ಲ, ಕಿವಿಗೆ ಮಾತ್ರ ಇತ್ತು. ಹಾಗಾಗಿ ನಮ್ಮ ಓಣಿಯಲ್ಲಿ ಶಾಲೆಗೆ ಹೋಗುವ ಹುಡುಗಿಯರು ಬೀಡಿ ಕಟ್ಟುವವರಿಗೆ ಓದಿ ಹೇಳುವ ರೂಢಿ ಇತ್ತು. ಕಾಕುಗೆ ಓದಿ ಹೇಳುವವಳು ನಾನು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಎರಡೂ ನನಗೆ ಬರುತ್ತಿದ್ದವು.

ಆ ವರ್ಷ ಕಾಕು ರದ್ದಿ ಅಂಗಡಿಯಿಂದ ಮರಾಠಿ ಪತ್ರಿಕೆಯ ದೀಪಾವಳಿ ವಿಶೇಷಾಂಕವೊಂದನ್ನು ತಂದಿದ್ದಳು. ಅದರಲ್ಲಿ ಬೇರೆ ಗ್ರಹದಿಂದ ಬಂದವನೊಬ್ಬನ ಉದ್ದನೆಯ ಕಥೆ ಇತ್ತು. ಅವನು ನಗುವುದಿಲ್ಲ, ಅಳುವುದಿಲ್ಲ, ದನಿ ಏರಿಸುವುದಿಲ್ಲ. ಎದುರಿಗಿದ್ದವರು ಕೂಗಾಡಿ ಮುಗಿಸುವ ತನಕ ಕಾದು, ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಮನೆಗೆ ಬೆಂಕಿ ಬಿದ್ದು ಎಲ್ಲರೂ ಬಾಯಿ ಬಡಿದುಕೊಳ್ಳುವಾಗ ಅವನೊಬ್ಬನೇ ತಲೆ ಎಣಿಸಿ, ಒಂದು ಕೂಸು ಒಳಗೇ ಉಳಿದಿದೆ ಎಂದು ತಿರುಗಿ ಹೋಗುತ್ತಾನೆ. ಕಾಕು ಅವನಿಗೆ ಪಾವ್ಣ್ಯಾ ಎಂದು ಹೆಸರಿಟ್ಟಳು, ನೆಂಟ ಅಂತ. ಆ ಪುಟಗಳನ್ನು ನನ್ನಿಂದ ಎಷ್ಟು ಸಲ ಓದಿಸಿದಳೋ ಲೆಕ್ಕವಿಲ್ಲ.

"ಸಿಟ್ಟು ಬಂದ್ರೂ ಕೈ ಎತ್ತಂಗಿಲ್ಲ ನೋಡ ಬಾಳ. ಇಂಥಾ ಗಂಡಸು ಆಕಾಶದಾಗಷ್ಟ ಸಿಗತಾನ" ಎಂದು ನಗುತ್ತಿದ್ದಳು. ಬಾಳ ಅಂದರೆ ಮರಾಠಿಯಲ್ಲಿ ಮಗು, ನನ್ನನ್ನು ಹಾಗೇ ಕರೆಯುತ್ತಿದ್ದಳು.

ನಾನೋ, ಪುಕ್ಕಲಿ. ಹಲ್ಲಿಗೆ ಅಂಜಿಕೆ, ಕುಡಿದು ಬರುವ ಅಪ್ಪನ ಹೆಜ್ಜೆ ಸಪ್ಪಳಕ್ಕೆ ಅಂಜಿಕೆ. ಪಾವ್ಣ್ಯಾನಂತೆ ಆಗಿಬಿಟ್ಟರೆ ಎದೆ ಹೀಗೆ ಹೊಡೆದುಕೊಳ್ಳುವುದು ನಿಲ್ಲುತ್ತದೆ ಎಂದು ನನ್ನ ಆಸೆ. ನಾನು ಅಂಜಿದಾಗಲೆಲ್ಲ ಕಾಕು ಕೇಳುತ್ತಿದ್ದಳು, "ಪಾವ್ಣ್ಯಾ ಏನಂತಾನ?" ನಾನು ಉತ್ತರ ಒಪ್ಪಿಸಬೇಕು: "ಮೊದಲ ನೋಡು, ಆಮ್ಯಾಲ ಅಂಜು."

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ, ನಾನು ಆಕೆಯ ಕಟ್ಟೆಯ ಮೇಲೆ ಕುಳಿತು ಓದುತ್ತಿದ್ದೆ. ಜೊಲ್ಲು ಸುರಿಸುತ್ತ ಬಂದ ನಾಯಿ ಬೊಗಳಲೂ ಇಲ್ಲ, ನೇರವಾಗಿ ನನ್ನ ಮೀನಖಂಡಕ್ಕೆ ಬಾಯಿ ಹಾಕಿತು. ಕಾಕು ಮೊರ ಬಿಸಾಕಿ ಎದ್ದವಳೇ ಅದರ ಬಾಯೊಳಗೆ ಎರಡೂ ಕೈ ತೂರಿಸಿ ದವಡೆ ಅಗಲಿಸಿದಳು. ಒಂದು ಸಲವೂ ಚೀರಲಿಲ್ಲ. ಬಿಡಿಸಿಕೊಂಡು ಓಡಿದ ನಾಯಿಯನ್ನು ಜನ ಚೌಕದ ಹತ್ತಿರ ಬಡಿದು ಕೊಂದರು. ಹುಚ್ಚು ನಾಯಿ ಎಂದು ಆಗಲೇ ಎಲ್ಲರ ಬಾಯಲ್ಲಿತ್ತು. ಅವ್ವ ಅಳುತ್ತ ಗಾಯಕ್ಕೆ ಒತ್ತಲು ಖಾರಪುಡಿ ಹಿಡಿದು ಬಂದಳು. ಕಾಕು ಅವಳ ಕೈ ತಡೆದು, ನನ್ನನ್ನು ನಲ್ಲಿಯ ಕೆಳಗೆ ಕೂರಿಸಿ ಸಾಬೂನು ಹಚ್ಚಿ ಬಹಳ ಹೊತ್ತು ತೊಳೆದಳು. ಆಮೇಲೆ ನೆಲಕ್ಕೆ ಚೆಲ್ಲಿದ್ದ ತಂಬಾಕಿನಿಂದ ಒಂದು ಚಿಟಿಕೆ ತೆಗೆದು ತನ್ನ ಬೆರಳ ತುದಿಗಳಿಗೆ ಒತ್ತಿಕೊಂಡಳು.

ಅದು ಆಕೆ ದಿನವೂ ಮಾಡುತ್ತಿದ್ದ ಕೆಲಸ. ಬೀಡಿ ಕಟ್ಟುವವರ ಬೆರಳಲ್ಲಿ ಕತ್ತರಿಯ ಗೀರು ಇದ್ದೇ ಇರುತ್ತದೆ. ರಕ್ತ ಬಂದರೆ ತಂಬಾಕು ಒತ್ತಿ ಮುಂದಿನ ಎಲೆ ಎತ್ತಿಕೊಳ್ಳುವುದೇ. ಅದನ್ನು ಯಾರೂ ಗಾಯ ಎನ್ನುತ್ತಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಕೇಳಿದರು, "ಮತ್ತ ಯಾರಿಗರೆ ಕಡದೈತೇನ್ರಿ?"

"ಇಲ್ರಿ ಸಾಹೇಬ್ರ, ಈಕಿಗಷ್ಟ. ನನಗ ಹಲ್ಲು ನೆಟ್ಟಿಲ್ಲ" ಎಂದಳು ಕಾಕು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ಶಾಂತವಾಗಿ ಹೇಳಿದ ಮಾತನ್ನು ಯಾರು ಅನುಮಾನಿಸುತ್ತಾರೆ? ನಾನು ಆಕೆಯ ಕೈ ನೋಡಿದೆ. ತಂಬಾಕು ರಕ್ತದಲ್ಲಿ ತೊಯ್ದು ಕಪ್ಪಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಆದರೆ ಡಾಕ್ಟರ ಕೈಯಲ್ಲಿ ಉದ್ದನೆಯ ಸೂಜಿ ಇತ್ತು, ನಾನು ಬಾಯಿ ಬಿಟ್ಟರೆ ಅಳು ಬರುತ್ತಿತ್ತು. ಪಾವ್ಣ್ಯಾ ಅಳುವುದಿಲ್ಲ. ಬಾಯಿ ಮುಚ್ಚಿಕೊಂಡೆ.

ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು. ಅವ್ವನಿಗೆ ತಂಬಾಕಿನ ವಖಾರಿಯಲ್ಲಿ ಕೂಲಿ, ರಜೆ ಸಿಗುತ್ತಿರಲಿಲ್ಲ. ಹದಿನಾಲ್ಕು ದಿನವೂ ಕಾಕುವೇ ಕೈಹಿಡಿದು ಕರೆದುಕೊಂಡು ಹೋದಳು. ಸೂಜಿ ಚುಚ್ಚುವಾಗ ಪಾವ್ಣ್ಯಾನ ಕಥೆ ಹೇಳುತ್ತಿದ್ದಳು. ತನಗೂ ಬೇಕಾಗಿದ್ದ ಔಷಧದಿಂದ ಒಂದು ಮೊಳ ದೂರದಲ್ಲಿ ದಿನವೂ ನಿಂತಿರುತ್ತಿದ್ದಳು.

ಯುಗಾದಿಗೆ ಇನ್ನೂ ಕೆಲವು ದಿನ ಇದ್ದವು. ಬೆರಳು ಜುಮುಜುಮು ಅನ್ನುತ್ತವೆ ಎಂದಳು. ಮರುದಿನ ಚಹಾದ ಲೋಟ ತುಟಿಗೆ ಒಯ್ದು, ನುಂಗಲಾಗದೆ ಕೆಳಗಿಟ್ಟು, ಅದನ್ನೇ ನೋಡುತ್ತ ಕುಳಿತಳು. ಅದರ ಮರುದಿನ ಆಕೆಯ ಮನೆಯ ಮುಂದೆ ಜನ ಸೇರಿದ್ದರು, ಯಾರೂ ಒಳಗೆ ಹೋಗುತ್ತಿರಲಿಲ್ಲ. ನಾನು ದೊಡ್ಡವರ ಸಂದಿಯಲ್ಲಿ ನುಸುಳಿ ಬಾಗಿಲಲ್ಲಿ ನಿಂತೆ. ಕಾಕು ಮೂಲೆಯಲ್ಲಿ ಮುದುಡಿದ್ದಳು. ಬಾಗಿಲಿಂದ ಗಾಳಿ ಬೀಸಿದರೂ ಬೆಚ್ಚಿಬೀಳುತ್ತಿದ್ದಳು. ಏನು ಕೇಳಬೇಕೋ ತಿಳಿಯದೆ ನಾನು ನಮ್ಮ ಹಳೆಯ ಪ್ರಶ್ನೆಯನ್ನೇ ಕೇಳಿದೆ, "ಕಾಕೂ, ಪಾವ್ಣ್ಯಾ ಏನಂತಾನ?"

"ಅಂವ ಸುಳ್ಳ, ಬಾಳ... ನನಗ ಭಾಳ ಅಂಜಿಕಿ ಬರಾಕತ್ತೈತಿ. ನೀ ಒಳಗ ಬರಬ್ಯಾಡ."

ಆ ದನಿ ಕಾಕುವಿನದಾಗಿರಲಿಲ್ಲ. ನಾನು ಓಡಿಬಂದು ಹಾಸಿಗೆಯ ಸುರುಳಿಯ ಹಿಂದೆ ಅಡಗಿ ಕುಳಿತೆ. ಆಕೆಯನ್ನು ಟೆಂಪೋದಲ್ಲಿ ದೊಡ್ಡ ದವಾಖಾನೆಗೆ ಒಯ್ದ ಸಪ್ಪಳ ಕೇಳಿಸಿತು. ಹೊರಗೆ ಬರಲಿಲ್ಲ. ಕಾಕು ತಿರುಗಿ ಬರಲಿಲ್ಲ...

ಈಗ ನನ್ನ ಮಕ್ಕಳು ಟಿವಿಯಲ್ಲಿ ಅಂಥ ನಿರ್ಭಾವದ ಅನ್ಯಗ್ರಹದವರನ್ನು ಕಂಡರೆ ಕಣ್ಣು ಕೀಳದೆ ನೋಡುತ್ತಾರೆ. ಬೇಡ ಎನ್ನಲು ನನಗೆ ಬಾಯಿಲ್ಲ. ಮನೆ ತುಂಬ ಕೂಗಾಟ ಇರುವಲ್ಲಿ ಬೆಳೆದವರಿಗೆ ಕೂಗದ ಒಬ್ಬನಿದ್ದಾನೆ ಎಂಬುದೇ ದೊಡ್ಡ ಆಸರೆ, ಅದು ನನಗೆ ಗೊತ್ತು. ಹತ್ತು ವರ್ಷದ ಹುಡುಗಿಗೆ ಏನು ತಿಳಿದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡದ್ದೂ ಉಂಟು. ಆದರೆ ನನಗೆ ತಿಳಿದಿತ್ತು. ಕಾಕುವಿನ ಬೆರಳು ನೋಡ್ರಿ ಎಂಬ ಒಂದು ಮಾತು ನಾಲಿಗೆಯ ತುದಿಯಲ್ಲಿತ್ತು.

ಅವ್ವ ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದಳು, ನನ್ನ ಮಗಳು ಸಣ್ಣವಳಿದ್ದಾಗಲೇ ಗಟ್ಟಿಗಿತ್ತಿ, ದವಾಖಾನೆಯಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ ಎಂದು. ನಾನು ತಲೆ ತಗ್ಗಿಸಿ ಕೇಳುತ್ತಿದ್ದೆ.