ಅಪ್ಪಯ್ಯನ ಗಾಡಿ, ನನ್ನ ಕಾಲು

ಶಿರಸಿಯ ನಮ್ಮ ಮನೆಯ ಪೋರ್ಚಿಗೆ ಆ ಗಾಡಿ ಪಿಕಪ್ಪಿನಲ್ಲಿ ಬಂದಿಳಿದಾಗ ಅದರ ಜೊತೆ ಅಪ್ಪಯ್ಯನೂ ಇಳಿದ. ಗಾಡಿ ಬರುತ್ತದೆಂದು ಗೊತ್ತಿತ್ತು, ಅಪ್ಪಯ್ಯ ಬರುತ್ತಾನೆಂದು ಗೊತ್ತಿರಲಿಲ್ಲ. ಒಂದು ಕೈಯಲ್ಲಿ ಎಲೆಯಡಿಕೆಯ ಕವಳದ ಚೀಲ, ಇನ್ನೊಂದರಲ್ಲಿ ಬಟ್ಟೆ ಚೀಲ ಹಿಡಿದು ಡ್ರೈವರನ ಪಕ್ಕದಿಂದ ಇಳಿದವನೇ, "ನಾಲ್ಕು ದಿನ ಇದ್ದು ಹೋಗ್ತೆ" ಎಂದ. ಎಂಬತ್ತು ದಾಟಿದ ಮಾವನವರು ಗುಡ್ನಾಪುರದಿಂದ ಗುಜರಿ ಸಾಮಾನಿನ ಕಾವಲಿಗೆ ಬಂದಿದ್ದಾರೆ ಎಂದು ನಮ್ಮ ಮನೆಯವರು ಅಡುಗೆಮನೆಗೆ ಬಂದು ನಕ್ಕರು. ನನಗೆ ನಗು ಬರಲಿಲ್ಲ. ಅವನು ಬಂದಿದ್ದು ನಾನು ಸೋಲುವುದನ್ನು ಕಣ್ಣಾರೆ ನೋಡಲು ಎಂದೇ ನಾನು ತಿಳಿದಿದ್ದೆ.

ಎರಡು ಸೈಲೆನ್ಸರಿನ ಹಳೇ ಫಟ್‌ಫಟಿ ಅದು. ಅದರ ಕಿಕ್ಕೇ ಅದರ ಗೇರು. ಗಾಡಿ ಚಾಲೂ ಆದಮೇಲೆ ಅದೇ ಸಲಾಕೆಯನ್ನು ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಿನ ಪೆಡಲು ಆಗುತ್ತದೆ. ಅಪ್ಪಯ್ಯ ವಿಮೆ ಏಜೆಂಟನಾಗಿದ್ದ. ಸಿದ್ದಾಪುರ, ಯಲ್ಲಾಪುರದ ಮೂಲೆಮೂಲೆಗೂ ಇದರ ಮೇಲೆ ತಿರುಗಿದವನು. ಅದರ ಸದ್ದು ದೂರದಲ್ಲಿ ಕೇಳಿದರೆ ಸಾಕು, ಕೆಲವು ಮನೆಗಳ ಯಜಮಾನರು ಹಿತ್ತಲ ಬಾಗಿಲಿನಿಂದ ತೋಟಕ್ಕೆ ಇಳಿದುಬಿಡುತ್ತಿದ್ದರಂತೆ. ಊರಿನವರ ಜೀವಕ್ಕೆಲ್ಲ ವಿಮೆ ಮಾಡಿಸಿದ ಈ ಮನುಷ್ಯ ತಾನು ಮಾತ್ರ ತಲೆಗೆ ಟವೆಲ್ಲು ಸುತ್ತಿಕೊಂಡು ಓಡಾಡುತ್ತಿದ್ದ.

ಅಣ್ಣನಿಗೆ ಗಾಡಿ ಕಲಿಸಿದ್ದು ಗುಡ್ನಾಪುರದ ಕೆರೆ ಏರಿಯ ಮೇಲೆ. ನಾನಾಗ ಹೈಸ್ಕೂಲಿನಲ್ಲಿದ್ದೆ. ಅಣ್ಣನ ಚಪ್ಪಲಿ ಕಾಯುವುದು ನನ್ನ ಕೆಲಸ. ಎರಡು ಸಲ ಅವನು ಕೆರೆಯ ಬದಿಯ ಕೆಸರಿಗೆ ಗಾಡಿಯನ್ನೂ, ಅದನ್ನು ಹಿಡಿದು ಪಕ್ಕದಲ್ಲಿ ಓಡುತ್ತಿದ್ದ ಅಪ್ಪಯ್ಯನನ್ನೂ ಒಟ್ಟಿಗೆ ಬೀಳಿಸಿದ. ಆದರೂ ಮೂರನೇ ಸಲ ಕೊಟ್ಟ ಅಪ್ಪಯ್ಯ, ನನಗೊಂದು ಸಲ ಕೊಡು ಅಂದಾಗ ನಕ್ಕುಬಿಟ್ಟ. "ಕಿಕ್ ವಾಪಸ್ ಹೊಡದ್ರೆ ಮೊಣಕಾಲು ಮುರಿತು. ಹೆಣ್ಣುಮಕ್ಕಳ ಕಾಲಿಗೆ ಇದು ಒಗ್ಗದಿಲ್ಲೆ" ಎಂದ. ಸಿಟ್ಟಿನಲ್ಲಿ ನಾನು ಅಣ್ಣನ ಒಂದು ಚಪ್ಪಲಿಯನ್ನು ಕೆರೆಗೆ ಎಸೆದೆ. ಅದಕ್ಕೆ ಬೈಸಿಕೊಂಡೆ, ಗಾಡಿ ಮಾತ್ರ ಸಿಗಲಿಲ್ಲ. ಆಮೇಲೆ ಟೇಲರಿಂಗ್ ಕಲಿತೆ, ಮದುವೆಯಾದೆ, ಶಿರಸಿಯಲ್ಲಿ ಅಂಗಡಿ ಹಾಕಿದೆ, ಸ್ಕೂಟಿ ತೆಗೆದುಕೊಂಡೆ. ನನಗೆ ಐವತ್ತಾರು ವರ್ಷವಾದರೂ ಆ ಮಾತು ಎದೆಯಲ್ಲಿ ಹಾಗೇ ಕೂತಿತ್ತು.

ಈ ವರ್ಷ ಮಳೆ ಬಿಡುತ್ತಿದ್ದಂತೆ ಅಣ್ಣ ಫೋನ್ ಮಾಡಿ, ಕೊಟ್ಟಿಗೆ ಖಾಲಿ ಮಾಡುತ್ತಿದ್ದೇನೆ, ಗಾಡಿ ಗುಜರಿಯವನಿಗೆ ಕೊಡ್ತೇನೆ ಎಂದ. ಅವನ ಮಾತು ಮುಗಿಯುವ ಮೊದಲೇ ನನಗೆ ಬೇಕು ಅಂದುಬಿಟ್ಟೆ. ಹಾಗೆ ಬಂದ ಗಾಡಿಯನ್ನು ಅಪ್ಪಯ್ಯ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ನೋಡುತ್ತ ಕೂತ. ಕವಳ ಹಾಕಿ ಮುಗಿಸಿ, ಉಗಿದು ಬಂದು, ತೀರ್ಪು ಕೊಟ್ಟ. "ನವಮಿ ದಿನ ಆಯುಧ ಪೂಜೆಗೆ ನಿಲ್ಲಿಸವು ಅಂದ್ರೆ ಗಾಡಿ ಓಡಲೇಬೇಕು. ಓಡದ್ದಕ್ಕೆ ಹೂ ಏರಿಸಲಾಗ. ಅಷ್ಟರೊಳಗೆ ನಿನ್ನ ಕಾಲಲ್ಲೇ ಚಾಲೂ ಆದ್ರೆ ಗಾಡಿ ನಿಂದು. ಇಲ್ದಿದ್ರೆ ಗುಜರಿಯವಂದು."

"ಆತು" ಎಂದೆ. ನಮ್ಮ ಮನೆಯವರು ನನ್ನ ಮುಖ ನೋಡಿ ಒಳಗೆ ಹೋಗಿ ಚಹಾಕ್ಕಿಟ್ಟರು.

ನಾನು ಮೆಕ್ಯಾನಿಕ್ ಅಲ್ಲ. ಆದರೆ ಮೂವತ್ತು ವರ್ಷ ಹೊಲಿಗೆ ಮಷಿನ್ ಬಿಚ್ಚಿ ಜೋಡಿಸಿದವಳು. ಯಾವುದೇ ಯಂತ್ರ ಎದುರಿಗೆ ಬಂದರೂ ಮೊದಲು ಅದರ ಕೊಳೆ ತೆಗೆದು ನೋಡಬೇಕು ಎಂಬಷ್ಟು ಬುದ್ಧಿ ಇದೆ. ಬಿಚ್ಚಿದ ಒಂದೊಂದು ನಟ್ಟು ಬೋಲ್ಟನ್ನೂ ಬ್ಲೌಸಿನ ಬಟ್ಟೆ ತುಂಡಿನಲ್ಲಿ ಗಂಟು ಕಟ್ಟಿ, ಎಲ್ಲಿಯದೆಂದು ಚೀಟಿ ಚುಚ್ಚಿ ಇಡುತ್ತಿದ್ದೆ. ಗಿರಾಕಿಗಳು ಬಂದು ತಮ್ಮ ಬ್ಲೌಸಿನ ಗಂಟೇ ಇರಬೇಕೆಂದು ಬಿಚ್ಚಿ ನೋಡಿ, ಕೈಯೆಲ್ಲ ಗ್ರೀಸು ಮಾಡಿಕೊಂಡು ಬೈದುಕೊಂಡು ಹೋದದ್ದೂ ಉಂಟು. ಕಾರ್ಬೊರೇಟರ್ ಬಿಚ್ಚಿದಾಗ ನನಗೆ ಖುಷಿಯೇ ಆಯಿತು. ಓವರ್‌ಲಾಕ್ ಮಷಿನ್ನಿನ ತಲೆನೋವಿನ ಮುಂದೆ ಇದು ಏನೂ ಅಲ್ಲ. ಪೆಟ್ರೋಲ್ ಬರುವ ಕೂದಲೆಳೆಯಷ್ಟು ತೂತು ಕಟ್ಟಿತ್ತು. ಮೊಬೈಲಿನ ವೀಡಿಯೋದಲ್ಲಿ ಒಬ್ಬ ಸೂಜಿ ಹಾಕಿ ಚುಚ್ಚುತ್ತಿದ್ದ. ಅವನಿಗೆ ಮನಸಾರೆ ಬೈದು, ನಾನು ಹಲ್ಲುಜ್ಜುವ ಬ್ರಷ್ಷಿನ ಒಂದು ಎಳೆ ಹಾಕಿ ಬಿಡಿಸಿದೆ. ಸೂಜಿ ಹಾಕಿದರೆ ತೂತು ಅಗಲವಾಗುತ್ತದೆ ಎನ್ನುವುದು ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು!

ಟ್ಯಾಂಕಿನ ಒಳಗೆ ತುಕ್ಕು ಪದರಪದರವಾಗಿ ಕೂತಿತ್ತು. ತಾಮ್ರದ ಹಂಡೆಯ ಕಿಲುಬು ತೆಗೆಯಲು ನಾವು ಹಾಕುವುದೇನು? ಮುರುಗಲ ಹುಳಿ, ಪೇಟೆಯವರ ಕೋಕಂ. ಬೇಸಿಗೆಯಲ್ಲಿ ಒಣಗಿಸಿಟ್ಟ ಮುರುಗಲ ಸಿಪ್ಪೆಯನ್ನೆಲ್ಲ ಬಿಸಿನೀರಿನಲ್ಲಿ ಕಿವುಚಿ, ಸೋಸಿ, ಟ್ಯಾಂಕಿಗೆ ತುಂಬಿಸಿದೆ. ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ಬಾಯಿ ಕಟ್ಟಿದೆ. ಹೋಗುವಾಗ ಬರುವಾಗ ನಾನೊಮ್ಮೆ, ನಮ್ಮ ಮನೆಯವರೊಮ್ಮೆ ಎತ್ತಿ ಕುಲುಕುವುದು. ಕೆಂಪು ನೀರು ಕಪ್ಪಾಗಿ ಹೊರಬಂತು, ಒಳಗಡೆ ತಗಡು ಹೊಳೆಯಿತು. ತೊಳೆದು, ಬಿಸಿಲಿಗಿಟ್ಟು, ಎಣ್ಣೆ ಸವರಿದೆ. ಈ ವರ್ಷ ಮನೆಯಲ್ಲಿ ಮುರುಗಲ ಶರಬತ್ತಿಲ್ಲ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳಿದರು. ಎಲ್ಲ ಗಾಡಿಯೇ ಕುಡಿಯಿತಂತೆ.

ಅಪ್ಪಯ್ಯನ ನಾಲ್ಕು ದಿನ ಮುಗಿಯಲೇ ಇಲ್ಲ. ತಾನು ಕೈ ಹಾಕುವುದಿಲ್ಲ ಎಂದು ಶಪಥ ಮಾಡಿದವನಂತೆ ಕುರ್ಚಿಯಲ್ಲೇ ಇರುತ್ತಿದ್ದ. ನಾನು ನಟ್ಟಿನ ಪಾನಾ ತಪ್ಪು ಕಡೆ ತಿರುಗಿಸಿದರೆ ಅವನ ಬಾಯಲ್ಲಿದ್ದ ಕವಳದ ಜಗಿತ ನಿಲ್ಲುತ್ತಿತ್ತು. ಸರಿ ಮಾಡಿದ ತಕ್ಷಣ ಮತ್ತೆ ಶುರು. ಅದನ್ನು ನೋಡಿಕೊಂಡೇ ನಾನು ಎಷ್ಟೋ ಕೆಲಸ ಮಾಡಿದೆ, ಆದರೆ ಅವನಿಗೆ ಅದು ಗೊತ್ತಾಗಲು ಬಿಡಲಿಲ್ಲ. ಒಳಗಿನ ಪಿಸ್ಟನ್ ಜಾಮ್ ಆಗಿತ್ತು. ಪ್ಲಗ್ಗಿನ ತೂತಿನಿಂದ ಎಣ್ಣೆ ಬಿಟ್ಟು ಕೆಲವು ದಿನ ಬಿಟ್ಟು ಹಿಂದಿನ ಚಕ್ರ ಅಲ್ಲಾಡಿಸಿದಾಗ ಅದು ಕದಲಿತು. ಸಿಲಿಂಡರನ್ನು ಬಟ್ಟೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಯಲ್ಲಾಪುರದ ಲೇತ್ ಅಂಗಡಿಗೆ ಒಯ್ದೆ. ಲಾರಿ ಎಂಜಿನ್ನುಗಳ ನಡುವೆ ಅದನ್ನೂ ಒಳಗೆ ಉಜ್ಜಿ ನುಣುಪು ಮಾಡಿಸಿಕೊಂಡು ಬಂದೆ. ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹೆಂಗಸು ದಾರಿಯುದ್ದಕ್ಕೂ ಅದು ದೇವರ ವಿಗ್ರಹವೆಂದೇ ತಿಳಿದು ಕಾಲು ಹಿಂದೆ ಎಳೆದುಕೊಂಡಿದ್ದಳು. ನಾನು ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ. ಸೀಟಿನ ಕವರ್ ಮಾತ್ರ ನಾನೇ ಹೊಲಿದೆ, ಕಪ್ಪು ರೆಕ್ಸಿನ್ನಿಗೆ ಕೆಂಪು ಅಂಚು ಕೊಟ್ಟು. ಅದನ್ನು ನೋಡಿ ಅಪ್ಪಯ್ಯ, "ಸೀಟು ಚಂದ ಇದ್ದು. ಗುಜರಿಯವಂಗೆ ಕೂರಲೆ ಮೆತ್ತಗಾಗ್ತು" ಎಂದ.

ಅಂತೂ ಎಲ್ಲ ಜೋಡಣೆಯಾಗಿ ಗಾಡಿ ನೆಟ್ಟಗೆ ನಿಂತದ್ದು ಅಷ್ಟಮಿಯ ದಿನ. ಮರುದಿನವೇ ನವಮಿ. ಹೆಗಡೆಕಟ್ಟಾದಲ್ಲಿರುವ ನಮ್ಮ ಚೂರು ತೋಟದ ಹುಲ್ಲು ಕೊಚ್ಚುವ ಮಷಿನ್ನಿಗೆಂದು ಮನೆಯಲ್ಲಿ ಯಾವಾಗಲೂ ಒಂದು ಕ್ಯಾನು ಪೆಟ್ರೋಲ್ ಇರುತ್ತದೆ. ಅದರಲ್ಲಿ ಎಂಜಿನ್ ಆಯಿಲ್ ಬೆರೆಸಿಯೇ ಇಟ್ಟಿರುತ್ತೇವೆ. ಈ ಗಾಡಿಗೂ ಅದೇ ರೀತಿ ಆಯಿಲ್ ಬೆರೆಸಿದ ಪೆಟ್ರೋಲೇ ಬೇಕು, ಆದ್ದರಿಂದ ಕ್ಯಾನನ್ನು ಎತ್ತಿ ಟ್ಯಾಂಕಿಗೆ ಸುರಿದೆ. ಸೆರಗು ಸಿಕ್ಕಿಸಿಕೊಂಡು ಕಿಕ್ ಹೊಡೆದೆ. ಏನೂ ಇಲ್ಲ. ಮತ್ತೆ ಹೊಡೆದೆ, ಮತ್ತೆ ಮತ್ತೆ ಹೊಡೆದೆ. ಕೊನೆಗೊಮ್ಮೆ ಸಲಾಕೆ ವಾಪಸ್ ಬಂದು ಮೊಣಕಾಲಿನ ಕೆಳಗೆ ಬಡಿಯಿತು. ಕಣ್ಣಲ್ಲಿ ನೀರು ಬಂತು. ಅಪ್ಪಯ್ಯನ ಕಡೆ ನೋಡದೆ ಹಲ್ಲು ಕಚ್ಚಿ ಇನ್ನೊಂದು ಹೊಡೆದೆ. ಗಾಡಿ ಎರಡು ಸಲ ಕೆಮ್ಮಿ ಎದ್ದುಬಿಟ್ಟಿತು.

ಎದ್ದದ್ದು ಹೌದು, ಆದರೆ ಎರಡೂ ಸೈಲೆನ್ಸರಿನಿಂದ ಎಂಥ ಹೊಗೆ! ಪೋರ್ಚು ಕಾಣಲಿಲ್ಲ, ಅಪ್ಪಯ್ಯ ಕಾಣಲಿಲ್ಲ, ನನ್ನ ಕೈಯೇ ನನಗೆ ಕಾಣಲಿಲ್ಲ. ಹೊಗೆ ಕಾಂಪೌಂಡು ದಾಟಿ ರಸ್ತೆ ತುಂಬಿತು. ಹಾವೇರಿ ಕಡೆಯ ಪಕ್ಕದ ಮನೆಯಾಕೆ ಬಕೆಟ್ ನೀರು ಹಿಡಿದೇ ಓಡಿ ಬಂದರು. "ಏನ್ರೀ ಅಕ್ಕಾರ, ಮನಿಗೆ ಬೆಂಕಿ ಹತ್ತೇತೇನ್ರೀ? ಹೊರಗ ಬರ್ರಿ ಮೊದ್ಲ!" ಅಷ್ಟರಲ್ಲಿ ಗಾಡಿ ಬಿಕ್ಕಿ ನಿಂತುಹೋಯಿತು. ಪ್ಲಗ್ ಬಿಚ್ಚಿದರೆ ಕಾಡಿಗೆಯಲ್ಲಿ ಅದ್ದಿದಂತೆ ಎಣ್ಣೆ ಸುರಿಯುತ್ತಿತ್ತು.

"ಕ್ಯಾನಿಗೆ ನಿಂಗ ಆಯಿಲ್ ಜಾಸ್ತಿ ಹಾಕಿದ್ರಾ?" ಎಂದು ನಮ್ಮ ಮನೆಯವರನ್ನು ಕೇಳಿದೆ. ಅವರು ತಲೆ ಕೆರೆದುಕೊಂಡರು. ಕ್ಯಾನಿಗೆ ಸರಿಯಾಗಿಯೇ ಹಾಕಿದ್ದರು. ಆದರೆ ನನಗೆ ಮರೆತುಹೋದರೆ ಎಂದು, ನಾನು ಸ್ನಾನಕ್ಕೆ ಹೋದಾಗ ಟ್ಯಾಂಕಿಗೂ ಒಂದಿಷ್ಟು ಸುರಿದಿದ್ದರು. ಬೈಯಲು ಬಾಯಿ ತೆಗೆದೆ. ಆದರೂ ಲೆಕ್ಕ ಸರಿಹೋಗಲಿಲ್ಲ. ಇಷ್ಟು ಹೊಗೆಗೆ ಅಷ್ಟು ಆಯಿಲ್ ಸಾಲದು. ಇಬ್ಬರೂ ಒಟ್ಟಿಗೆ ಕುರ್ಚಿಯ ಕಡೆ ತಿರುಗಿದೆವು. ಕುರ್ಚಿಯಲ್ಲಿದ್ದವನು ಅವಸರದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನ ಪಂಚೆಯ ತುದಿಯಲ್ಲಿ ನೀಲಿ ಆಯಿಲಿನ ಕಲೆ ಇತ್ತು.

"ಅಪ್ಪಯ್ಯಾ!"

"ಬೆಳಗ್ಗೆ ಚೂರು ಹೊಯ್ದಿದ್ದೆ" ಎಂದ, ನನ್ನ ಮುಖ ನೋಡದೆ. "ಆಯಿಲ್ ಇಲ್ದೇ ಹೊಡದ್ರೆ ಪಿಸ್ಟನ್ ಹಿಡಿತು. ಮತ್ತೆ ಯಾವತ್ತೂ ಏಳ್ತಿಲ್ಲೆ ಅದು."

"ಗುಜರಿಗೆ ಹೋಗ್ಲಿ ಹೇಳಿ ಕೂತಿದ್ದೆ ಅಲ್ದಾ ನೀನು?"

ಅವನು ಇಡೀ ಕವಳವನ್ನು ಬಾಯಿಗೆ ತುರುಕಿಕೊಂಡ. ನಮ್ಮ ಮನೆಯವರು ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ನಾನೂ ನಕ್ಕೆ, ಏಟು ಬಿದ್ದ ಕಾಲು ಹಿಡಿದುಕೊಂಡು ನಕ್ಕೆ, ಬಕೆಟ್ ಹಿಡಿದಾಕೆಯೂ ಏನೂ ಅರ್ಥವಾಗದೆ ನಕ್ಕರು. ಇಷ್ಟು ದಿನ ಆ ಕುರ್ಚಿಯಲ್ಲಿ ನನ್ನ ಎದುರಾಳಿ ಕೂತಿದ್ದಾನೆಂದು ತಿಳಿದಿದ್ದೆನಲ್ಲ, ಅವನು ಬೆಳಬೆಳಗ್ಗೆ ಕಳ್ಳನ ಹಾಗೆ ಬಂದು ನನ್ನ ಗಾಡಿಯ ಜೀವ ಕಾಯುತ್ತಿದ್ದ. ನನಗೆ ಅವನ ಮೇಲೆ ತುಂಬಾ ಪ್ರೀತಿ ಬಂತು. ಅದನ್ನು ಹೇಳುವ ಬದಲು, ಟ್ಯಾಂಕ್ ಖಾಲಿ ಮಾಡಲು ಬಂದು ಹಿಡಿದುಕೋ ಎಂದು ಗದರಿದೆ. ಶಪಥ ಮರೆತು ಎದ್ದು ಬಂದ.

ಹೊಸ ಪೆಟ್ರೋಲು ತಂದು, ಈ ಸಲ ಮೂವರೂ ಎದುರೆದುರು ನಿಂತು ಅಳೆದು ಬೆರೆಸಿದೆವು. ಪ್ಲಗ್ ಒರೆಸಿ ಹಾಕಿದೆ. ಸಂಜೆ ದೀಪ ಹಚ್ಚುವ ಮೊದಲು ಹೊಡೆದ ಕಿಕ್ಕಿಗೆ ಗಾಡಿ ಎದ್ದಿತು, ನಿಲ್ಲದೆ ಆಡಿತು. ತೆಳು ಹೊಗೆ, ಎರಡೂ ಸೈಲೆನ್ಸರಿನಲ್ಲಿ ಅದೇ ಸದ್ದು. ಅಪ್ಪಯ್ಯ ಜಗಿಯುವುದನ್ನು ನಿಲ್ಲಿಸಿ ಕಣ್ಣು ಮುಚ್ಚಿ ಕೇಳುತ್ತ ನಿಂತಿದ್ದ.

ನವಮಿಯ ಬೆಳಿಗ್ಗೆ ಹೊಲಿಗೆ ಮಷಿನ್ನು, ಕತ್ತರಿ, ಹುಲ್ಲು ಕೊಚ್ಚುವ ಮಷಿನ್ನಿನ ಜೊತೆ ಗಾಡಿಯನ್ನೂ ನಿಲ್ಲಿಸಿ ಪೂಜೆ ಮಾಡಿದೆವು. ಗೇರಿನ ಗಾಡಿ ಹೊಡೆಯುವುದನ್ನು ನಮ್ಮ ಮನೆಯವರ ಬೈಕಿನಲ್ಲಿ ಮೈದಾನಕ್ಕೆ ಹೋಗಿ ಮೊದಲೇ ಕಲಿತಿದ್ದೆ. ಚಕ್ರದ ಕೆಳಗಿನ ನಿಂಬೆಹಣ್ಣು ಜಜ್ಜಿ, ಕೇರಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದೆ. ಅಪ್ಪಯ್ಯನ ಮುಂದೆ ನಿಲ್ಲಿಸಿ, "ಹತ್ತು" ಎಂದೆ.

ಅವನು ಹತ್ತಿರ ಬಂದು ಅಭ್ಯಾಸಬಲದಿಂದ ಹ್ಯಾಂಡಲ್ಲಿಗೇ ಕೈ ಹಾಕಿದ. ಅಲ್ಲಿ ನಾನಿದ್ದೆ. ಹಿಂದಕ್ಕೆ ಸರಿದು, ಸೀಟಿನ ಮೇಲೆ ಕೈಯಾಡಿಸಿ, ನಮ್ಮ ಮನೆಯವರ ತೋಳು ಹಿಡಿದು ಹೇಗೋ ಹತ್ತಿ ಕೂತ. ಕಾಲು ಎರಡೂ ಬದಿಗೆ ನೇತಾಡುತ್ತಿದ್ದವು.

"ಕೂಸೇ, ಇದ್ರಲ್ಲಿ ಕಾಲು ಎಲ್ಲಿ ಇಡವು?"

ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ತಿರುಗಿ ನೋಡಿದರೆ ಅಲ್ಲ. ನಮ್ಮನ್ನು ಹೆತ್ತ ಆಯಿಯನ್ನು, ನಮ್ಮನ್ನು, ಅರ್ಧ ತಾಲೂಕನ್ನು ಈ ಗಾಡಿಯ ಮೇಲೆ ಹೊತ್ತು ತಿರುಗಿದವನು ಒಂದು ದಿನವೂ ಹಿಂದೆ ಕೂತವನಲ್ಲ. ನಮ್ಮ ಮನೆಯವರು ಗಾಡಿ ಹಿಡಿದುಕೊಂಡರು. ನಾನು ಇಳಿದು, ಬಗ್ಗಿ, ಮಡಚಿದ್ದ ಫುಟ್‌ರೆಸ್ಟ್ ಬಿಡಿಸಿ ಅವನ ಪಾದಗಳನ್ನು ಒಂದೊಂದಾಗಿ ಅದರ ಮೇಲೆ ಇಟ್ಟೆ.

"ಕೈ?"

"ಎನ್ನ ಹೆಗಲು ಹಿಡ್ಕ."

ಹಿಡಿದ. ಪೇಟೆಯ ಕಡೆ ಹೊರಟೆವು. ಮೊದಲ ತಿರುವಿನಲ್ಲಿ ಅವನ ಬೆರಳು ಬಿಗಿಯಾದವು, ಎರಡನೆಯದರಲ್ಲಿ ಸಡಿಲಾದವು. ಬಸ್‌ಸ್ಟ್ಯಾಂಡಿನ ಹತ್ತಿರ ಎದುರಿಗೆ ಬಸ್ಸು ಅಡ್ಡ ಬಂತು, ಗಾಡಿ ನಿಲ್ಲಿಸಿದೆ. ಅಂಗಡಿ ಕಟ್ಟೆಯ ಮೇಲೆ ಕೂತಿದ್ದ, ಅಪ್ಪಯ್ಯನ ವಯಸ್ಸಿನ ಒಬ್ಬರು ಸದ್ದು ಕೇಳಿ ಎದ್ದು ಬಂದರು. ಗಾಡಿಯನ್ನೂ ಅವನನ್ನೂ ನೋಡಿ, "ಓಹೋಹೋ! ನಿನ್ನ ಗಾಡಿ ಇನ್ನೂ ಜೀವಂತ ಇದ್ದಾ ಮಾರಾಯಾ?" ಎಂದರು.

"ಎನ್ನದಲ್ಲ" ಎಂದ ಅಪ್ಪಯ್ಯ. ಪೇಟೆಯಲ್ಲಿದ್ದವರಿಗೆಲ್ಲ ಕೇಳುವಷ್ಟು ಜೋರಾಗಿ ಹೇಳಿದ. "ಗಾಡಿ ಮಗಳದ್ದು. ಆನು ಬರೀ ಹಿಂದೆ ಕೂತವ."

ಬಸ್ಸು ಸರಿಯಿತು. ನನಗೆ ಎದುರಿನ ರಸ್ತೆ ಸರಿಯಾಗಿ ಕಾಣುತ್ತಿರಲಿಲ್ಲ. ಕಣ್ಣೊರೆಸಿಕೊಂಡು ಗೇರು ಹಾಕಿ, ಗುಡ್ನಾಪುರದ ಕೆರೆ ಏರಿಗೆ ಹೋಗುವ ಬನವಾಸಿ ರಸ್ತೆಯ ಕಡೆ ತಿರುಗಿಸಿದೆ.