ಗಾಜಿನ ಮೇಲೆ ಹರಕೆಯ ಹೊಗೆಸೊಪ್ಪು

ಹೋದ ಆಷಾಢದಲ್ಲಿ ನನ್ನ ಒಬ್ಬಳೇ ಮಗಳು ಗೌರಿ ಹೆರಿಗೆ ನೋವಿನಲ್ಲಿ ಸಾಯುವ ಹಾಗಾದಳು. ನಮ್ಮೂರ ಬಸವಣ್ಣನಿಗೆ ನಡೆದುಕೊಳ್ಳುವ ಎಲ್ಲ ಒಕ್ಕಲಿಗೂ ಈ ಸಂಗತಿ ಗೊತ್ತಾಗಲಿ ಎಂದು ಬರೆಯಲು ಕೂತಿದ್ದೇನೆ. ನಾನು ಓದಿದವಳಲ್ಲ. ಅಣ್ಣ ಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ತಿದ್ದುವಾಗ ಪಕ್ಕದಲ್ಲಿ ಕೂತು ಕಲಿತ ಅಕ್ಷರ ಇದು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗೌರಿಗೆ ಮದುವೆಯಾಗಿ ಎಷ್ಟೋ ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಬಸಿರು ನಿಂತಿತು ಎಂದು ತಿಳಿದ ದಿನವೇ ನಾನು ಬಸವಣ್ಣನ ಮುಂದೆ ನಿಂತು, "ಕೂಸು ನನ್ನ ಮಡಿಲಿಗೆ ಬರುವ ತನಕ ಹೊಗೆಸೊಪ್ಪು ಮುಟ್ಟಿ ಬಾಯಿಗೆ ಹಾಕುವುದಿಲ್ಲ" ಎಂದು ಹರಕೆ ಹೊತ್ತೆ. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸದೆ ನನಗೆ ಬೆಳಗಾಗುತ್ತಿರಲಿಲ್ಲ. ರಾಮನಾಥಪುರದಲ್ಲಿರುವ ಅಣ್ಣ ತನ್ನ ಹೊಲದ ಎಲೆಯನ್ನೇ ಆರಿಸಿ ಕಳಿಸುತ್ತಿದ್ದ. ತಿನ್ನುವುದು ಬಿಟ್ಟೆನೇ ಹೊರತು ಚೀಲ ಬಿಡಲಿಲ್ಲ. ಮನೆಯಲ್ಲಿ ಇಟ್ಟರೆ ನನ್ನ ನಾದಿನಿ ಖಾಲಿ ಮಾಡುತ್ತಾಳೆ ಎಂಬ ಅನುಮಾನ. ಅದಕ್ಕೇ ಸೊಂಟದಲ್ಲಿ ಸಿಕ್ಕಿಸಿಕೊಂಡೇ ಓಡಾಡುತ್ತಿದ್ದೆ.

ಹೆರಿಗೆಗೆಂದು ತವರಿಗೆ ಬಂದಿದ್ದ ಗೌರಿಗೆ ನೋವು ಶುರುವಾದ ಬೆಳಿಗ್ಗೆ ಸೂಲಗಿತ್ತಿ ಕೆಂಪಮ್ಮ ಹೊಟ್ಟೆ ಮುಟ್ಟಿ ನೋಡಿ ಹೊರಗೆ ಬಂದಳು.

"ಕೂಸು ಅಡ್ಡ ತಿರ್ಗದೆ ಕಣವ್ವ. ನನ್ ಕೈಲಿ ಆಗಾಕಿಲ್ಲ. ಈಗಿಂದೀಗ್ಲೇ ಆಸ್ನದ ಆಸ್ಪತ್ರೆಗೆ ಎತ್ಕೊಂಡ್ ಓಗಿ."

ಇವಳು ಯಾಕೆ ಜಾರಿಕೊಳ್ಳುತ್ತಿದ್ದಾಳೆ, ಯಾರಾದರೂ ಹೇಳಿಕೊಟ್ಟರೋ ಎಂದು ಅವಳ ಮುಖವನ್ನೇ ನೋಡಿದೆ. ಅವಳ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನ್ನ ಜೀವ ಅರ್ಧ ಹೋಯಿತು.

ಗಾಡಿ ಕಟ್ಟಿಕೊಂಡು ಅರಕಲಗೂಡಿಗೆ ಬಂದೆವು. ಹಾಸನದ ಬಸ್ಸು ಹೊರಡುವುದರಲ್ಲಿತ್ತು. ಯುದ್ಧದಿಂದಾಗಿ ಪೆಟ್ರೋಲು ಸಿಗುತ್ತಿರಲಿಲ್ಲ, ಹಿಂದುಗಡೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಹೊಗೆಯಲ್ಲೇ ಓಡುವ ಬಸ್ಸು ಅದು. ಡ್ರೈವರ್ ಸಿದ್ದಪ್ಪ ಎಂಬವನು. ಅವನ ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು. ಕುಡಿದಿದ್ದಾನೆ ಎಂದೇ ನಾನು ತೀರ್ಮಾನ ಮಾಡಿದೆ.

ಗೌರಿಯನ್ನು ಹಿಂದಿನ ಉದ್ದ ಸೀಟಿನಲ್ಲಿ ಮಲಗಿಸಿ ತಲೆಯನ್ನು ಯಜಮಾನರ ತೊಡೆಗೆ ಕೊಟ್ಟು, ನಾನು ಹೋಗಿ ಡ್ರೈವರ್ ಪಕ್ಕದಲ್ಲೇ ಕೂತೆ. ಬಗ್ಗಿ ಬಗ್ಗಿ ಅವನ ಬಾಯಿಯ ವಾಸನೆ ಹಿಡಿಯಲು ನೋಡಿದೆ.

"ಏನಜ್ಜಿ, ಮೂಸ್ತಾ ಇದ್ದೀಯ?" ಎಂದ.

"ಅಜ್ಜಿ ಅನ್ಬ್ಯಾಡ ಕಣಪ್ಪ, ಇನ್ನೂ ಆಗಿಲ್ಲ. ಆಗೋ ಅಂಗೆ ಓಡ್ಸು. ಕಣ್ಯಾಕೆ ಅಂಗೆ ಕೆಂಪಗವೆ?"

"ಬೆಳಿಗ್ಗಿಂದ ಇದ್ಲಿನ್ ಒಲೆ ಊದಿ ನೋಡು, ನಿಂದೂ ಆಯ್ತವೆ."

ಹಿಂದಿನಿಂದ ಯಜಮಾನರು, "ಲೇ, ಅವನ್ನ ಓಡ್ಸಕ್ ಬುಡೇ. ಪೊಲೀಸ್ನೋರೂ ಇಷ್ಟು ವಿಚಾರ್ಸಾಕಿಲ್ಲ" ಎಂದರು. ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು, ಮಳೆ ಹಿಡಿದುಕೊಂಡಿತು. ಮಳೆ ಎಂದರೆ ಎಂಥದು, ಹಗಲು ಹೊತ್ತೇ ಕತ್ತಲು ಕವಿದ ಹಾಗೆ. ಮುಂದಿನ ಗಾಜಿನ ಮೇಲೆ ನೀರು ಹನಿಹನಿಯಾಗಿ ಕಟ್ಟಿಕೊಂಡು, ಆಚೆ ಮರ ಯಾವುದು ರಸ್ತೆ ಯಾವುದು ಒಂದೂ ಗೊತ್ತಾಗದು. ಗಾಜು ಒರೆಸುವ ಕಡ್ಡಿ ಮುರಿದುಹೋಗಿ ಎಷ್ಟು ದಿನವಾಗಿತ್ತೋ. ಸಿದ್ದಪ್ಪ ತಲೆ ಹೊರಗೆ ಹಾಕಿ ನೋಡಿಕೊಂಡು ಇರುವೆಯ ಹಾಗೆ ಓಡಿಸಿದ. ಆಮೇಲೆ ಬಸ್ಸು ನಿಲ್ಲಿಸಿಯೇ ಬಿಟ್ಟ.

"ಯಾಕಪ್ಪ ನಿಲ್ಸ್‌ದೆ?"

"ಕಾಣ್ದೆ ಇರೋ ದಾರೀಲಿ ನಾನ್ ಓಡ್ಸಾಕಿಲ್ಲ."

ಹಿಂದೆ ಗೌರಿ, "ಅವ್ವಾ, ಆಗಾಕಿಲ್ಲ ಕಣವ್ವಾ" ಎಂದು ಕೂಗಿದಳು. ನನ್ನ ತಲೆಯಲ್ಲಿ ಬರಬಾರದ ಯೋಚನೆಯೆಲ್ಲ ಬಂತು. ಇವನು ಕಾಸು ಕೀಳಲು ನಿಲ್ಲಿಸಿದನೋ, ಯಾರಾದರೂ ಕಳ್ಳರು ಇಲ್ಲಿ ಕಾಯುತ್ತಿದ್ದಾರೋ. ಅಷ್ಟರಲ್ಲಿ ಅವನು ತಿರುಗಿ ಕೂತು, "ಯಾರ ತಾವಾದ್ರೂ ಒಗೆಸೊಪ್ಪು ಇದ್ರೆ ಕೊಡ್ರಪ್ಪ" ಎಂದ.

ನನ್ನ ಮೈ ಉರಿದುಹೋಯಿತು. ಮಗಳು ಸಾಯುತ್ತಿದ್ದಾಳೆ, ಇವನಿಗೆ ಹೊಗೆಸೊಪ್ಪಿನ ಚಪಲ! ಯಾರ ಹತ್ತಿರವೂ ಇರಲಿಲ್ಲ. ಯಜಮಾನರು ಬೇರೆ, "ಇವಳ ಸೊಂಟದಾಗದೆ" ಎಂದುಬಿಟ್ಟರು.

"ಕೊಡಾಕಿಲ್ಲ. ಅದು ಅರಕೆ ಒಗೆಸೊಪ್ಪು. ನಿನ್ ಬಾಯಿಗೆ ಬಿದ್ರೆ ನನ್ ಅರಕೆ ಕೆಟ್ಟೋಯ್ತದೆ."

"ತಿನ್ನಾಕಲ್ಲ ಕಣವ್ವ! ನೆನ್ಸಿ ಗಾಜಿಗೆ ಉಜ್ಜಿದ್ರೆ ಹನಿ ನಿಲ್ಲಾಕಿಲ್ಲ, ನೀರು ಬಳಬಳ ಇಳ್ದೋಯ್ತದೆ. ದಾರಿ ಕಾಣ್ತದೆ."

ಇಂಥ ಮಾತು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕೈಗೆ ಸಿಕ್ಕರೆ ಅರ್ಧ ಗಾಜಿಗೆ, ಅರ್ಧ ಬಾಯಿಗೆ ಹಾಕುತ್ತಾನೆ ಎಂದೇ ನನ್ನ ಎಣಿಕೆ. ದೇವರ ಹೆಸರಲ್ಲಿ ಬಿಟ್ಟ ವಸ್ತು ಇನ್ನೊಬ್ಬರ ಬಾಯಿಗೆ ಬಿದ್ದು, ಅದರಿಂದ ಮಗುವಿಗೆ ಏನಾದರೂ ಆದರೆ? ಗೌರಿ ಮತ್ತೆ ಕೂಗಿದಳು. ಈ ಸಲ ಕೂಗಿನಲ್ಲಿ ಶಕ್ತಿಯೇ ಇರಲಿಲ್ಲ. ನಾನು ಕಣ್ಣುಮುಚ್ಚಿ, "ಬಸವಣ್ಣ, ನಿನಗೆ ಕೊಟ್ಟದ್ದು ಇದು. ಏನು ಮಾಡಲಿ ಹೇಳು" ಎಂದು ಅತ್ತೆ.

ಏನಾಯಿತೋ, ಎದ್ದು ಕೆಳಗಿಳಿದೆ. "ನಿನ್ ಕೈಗೆ ಕೊಡಾಕಿಲ್ಲ. ನಾನೇ ಉಜ್ತೀನಿ" ಎಂದೆ.

ಸಿದ್ದಪ್ಪ ಬಂದು ಹೆಗಲು ಕೊಟ್ಟು ಬಸ್ಸಿನ ಮೂತಿಯ ಮೇಲೆ ಹತ್ತಿಸಿದ. ಸುರಿಯುವ ಮಳೆಯಲ್ಲಿ ಮಂಡಿಯೂರಿ ಕೂತು, ಎಲೆಯನ್ನೆಲ್ಲ ಮಳೆಯ ನೀರಿನಲ್ಲಿ ಕಲಸಿ ಗಾಜಿಗೆ ಉಜ್ಜಿದೆ. ಅದರ ಘಾಟಿಗೆ ಬಾಯಲ್ಲಿ ನೀರೂರಿತು, ಉಗುಳಿದೆ. ಒಳಗಿನ ಜನ ಗಾಜಿನ ಹಿಂದೆ ನನ್ನನ್ನು ಕೋತಿಯ ಕುಣಿತ ನೋಡುವ ಹಾಗೆ ನೋಡುತ್ತಿದ್ದರು.

ಒಳಗೆ ಬಂದು ಕೂತು ನೋಡಿದರೆ ರಸ್ತೆ ಕಾಣುತ್ತಿದೆ! ನನಗೆ ನಂಬಿಕೆಯಾಗಲಿಲ್ಲ. ಮಳೆಯೇ ಕಡಿಮೆಯಾಗಿರಬೇಕು ಎಂದು ಕೈ ಹೊರಗೆ ಚಾಚಿದೆ. ಮೊದಲಿಗಿಂತ ಜೋರಾಗಿತ್ತು. ನೀರು ಪರದೆಯ ಹಾಗೆ ಒಂದೇ ಸಮನೆ ಇಳಿಯುತ್ತಿತ್ತು, ಹನಿ ಒಂದೂ ನಿಲ್ಲುತ್ತಿರಲಿಲ್ಲ.

ಆದರೂ ಸಿದ್ದಪ್ಪ ಜೋರು ಮಾಡಲಿಲ್ಲ. ನಾನೂ ಅವನನ್ನು ನಂಬಲಿಲ್ಲ, ಅವನ ಜೊತೆಗೆ ನಾನೂ ಕಣ್ಣು ಮಿಟುಕಿಸದೆ ದಾರಿ ನೋಡಿದೆ. ಒಂದು ಇಳಿಜಾರಿನ ತಿರುವಿನಲ್ಲಿ ಮುಂದೆ ಏನೋ ಕಪ್ಪಗೆ ಕಂಡಿತು.

"ನಿಲ್ಸಪ್ಪೋ!" ಎಂದು ಕಿರುಚಿದೆ. ಅವನೂ ಆಗಲೇ ಕಂಡಿದ್ದ. ಬಸ್ಸು ನಿಂತಿತು. ನಟ್ಟನಡುವೆ ಗಾಲಿ ಕಳಚಿಕೊಂಡ ಎತ್ತಿನ ಗಾಡಿ. ಮಳೆಗೆ ಹೆದರಿ ಗಂಡಹೆಂಡಿರಿಬ್ಬರು ಅದರ ಅಡಿಯಲ್ಲೇ ಮುದುಡಿ ಕೂತಿದ್ದರು. ಆ ಹೆಂಗಸು ಆಚೆ ತೆವಳಿ ಬಂದು, "ನಮ್ಮನ್ನ ಎಂಗ್ ಕಂಡ್ರಿ?" ಎಂದು ಅತ್ತಳು. ಸಿದ್ದಪ್ಪ ನನ್ನ ಕಡೆ ಕೈ ತೋರಿಸಿದ. ಗಾಜು ಮೊದಲಿನ ಹಾಗೇ ಇದ್ದಿದ್ದರೆ ಅವರೂ ಇಲ್ಲ, ಗೌರಿಯೂ ಇಲ್ಲ, ನಾವೂ ಇಲ್ಲ. ಬಸ್ಸಿನ ಗಂಡಸರು ಇಳಿದು ಗಾಡಿಯನ್ನು ಪಕ್ಕಕ್ಕೆ ಎಳೆದರು, ನಾವು ಹೊರಟೆವು.

ಹಾಸನದ ಆಸ್ಪತ್ರೆಯಲ್ಲಿ ಲೇಡಿ ಡಾಕ್ಟರು ಗೌರಿಯನ್ನು ನೋಡುತ್ತಲೇ ಒಳಗೆ ಕರೆದುಕೊಂಡು ಹೋದರು. ಬಾಗಿಲು ಹಾಕಿದರು. ಯಾಕೆ ಹಾಕಿದರು, ಏನು ಮಾಡುತ್ತಾರೆ ಎಂದು ನಾನು ಸಂದಿಯಲ್ಲಿ ಇಣುಕಿ ಬೈಸಿಕೊಂಡೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಅಳು ಕೇಳಿತು. ಕೂಸನ್ನು ತಿರುಗಿಸಿ, ಕಾಲು ಮುಂದಾಗಿ ಹುಟ್ಟಿಸಿದ್ದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರಮ್ಮ ಹೇಳಿದರು.

ನರ್ಸು ಬಟ್ಟೆಯಲ್ಲಿ ಸುತ್ತಿ ತಂದ ಕೂಸನ್ನು ದೀಪದ ಹತ್ತಿರ ಹಿಡಿದು, ಮೂಗು, ಕಿವಿ, ಬೆರಳು ಎಲ್ಲ ನೋಡಿದೆ.

ಒಳಗಿಂದ ಗೌರಿ ಸಣ್ಣ ದನಿಯಲ್ಲಿ, "ಅದು ನಂದೇ ಕಣವ್ವ. ಇಲ್ಲಿ ಇನ್ಯಾರ್ಗೂ ಎರಿಗೆ ಆಗಿಲ್ಲ" ಎಂದಳು. ನಗುತ್ತಿದ್ದಳು! ಆಗ ನಾನು ಜೋರಾಗಿ ಅತ್ತೆ. ಗಂಡು ಮಗು, ಹಾಲಿನ ಕೆನೆಯಂಥ ಕೆನ್ನೆ.

ಭಕ್ತರೇ, ಯೋಚಿಸಿ ನೋಡಿ. ಹರಕೆ ಹೊರದಿದ್ದರೆ ಆ ಎಲೆಯೆಲ್ಲ ಎಂದೋ ನನ್ನ ಬಾಯಿಗೆ ಹೋಗಿರುತ್ತಿತ್ತು. ನನ್ನಿಂದ ಬಿಡಿಸಿದವನೂ ಬಸವಣ್ಣನೇ, ಬಿಟ್ಟದ್ದನ್ನು ಸೊಂಟದಲ್ಲಿ ಹೊರಿಸಿಕೊಂಡು ಬಂದವನೂ ಅವನೇ. ಸಿದ್ದಪ್ಪನ ಮನೆ ಮಂದಿ ತಣ್ಣಗಿರಲಿ. ಮಳೆಯಲ್ಲಿ ದಾರಿ ಕಾಣದೆ ಡ್ರೈವರ್ ಬಸ್ಸು ನಿಲ್ಲಿಸಿದರೆ ನೀವು ಯಾರೂ ಬೈಯಬೇಡಿ. ಅನುಮಾನ ಇದ್ದರೆ ಪಕ್ಕದಲ್ಲಿ ಕೂತು ನೀವೂ ದಾರಿ ನೋಡಿ.

ಬಾಣಂತನ ಕಳೆದ ಮೇಲೆ ಕೂಸನ್ನು ಎತ್ತಿಕೊಂಡು ಬಸವಣ್ಣನ ಗುಡಿಗೆ ಹೋದೆ. ಮೊದಲೆಲ್ಲ ಅಲ್ಲಿ ನಿಂತರೆ ಅದು ಕೊಡು, ಇದು ಕಾಪಾಡು ಎಂದು ಬಾಯಿ ನಿಲ್ಲುತ್ತಿರಲಿಲ್ಲ. ಆ ದಿನ ಏನೂ ಕೇಳಲಿಲ್ಲ. ಕೂಸಿನ ಮುಖದ ಮೇಲಿನ ಸೆರಗು ಸರಿಸಿ, "ನೋಡಪ್ಪ" ಎಂದೆ, ಅಷ್ಟೇ.